ಬೆಳಕನ್ನು ಅಳೆದು ನಡೆಯುವುದು: ಸಂಪೂರ್ಣ ವರ್ಣಾಂಧತೆಯೊಂದಿಗೆ ದಿನನಿತ್ಯ ಬದುಕುವ ಬಗೆ

ಸಂಪೂರ್ಣ ವರ್ಣಾಂಧತೆ ಇದೆ ಎಂದು ಹೇಳಿದ ಕೂಡಲೇ ಎದುರಿಗಿರುವವರು ಕೈಗೆ ಸಿಕ್ಕ ವಸ್ತುವೊಂದನ್ನು ಎತ್ತಿ ಹಿಡಿದು, ಇದು ಯಾವ ಬಣ್ಣ ಹೇಳಿ ಎನ್ನುತ್ತಾರೆ. ಹುಟ್ಟಿನಿಂದ ಇಂಥ ಕಣ್ಣುಗಳೊಂದಿಗೇ ಬದುಕಿರುವ ನನಗೆ ಆ ಪ್ರಶ್ನೆಯಿಂದ ಬೇಸರವಿಲ್ಲ. ಆದರೆ ನಮ್ಮ ದಿನಚರಿಯಲ್ಲಿ ಬಣ್ಣದಿಂದಾಗುವ ತೊಡಕು ತೀರ ಚಿಕ್ಕದು. ನಡುಹಗಲಿನಲ್ಲಿ ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ ಕೆಳಗಿನ ಮೆಟ್ಟಿಲು, ಎದುರಿಗೆ ಬಂದವರ ಮುಖ, ರಸ್ತೆಯ ಅಂಚು ಎಲ್ಲವೂ ಬಿಳಿಯ ಮಂಜಿನಲ್ಲಿ ಕರಗಿಹೋಗುತ್ತವಲ್ಲ, ದೊಡ್ಡ ತೊಡಕು ಅದು. ಆದ್ದರಿಂದ ಇಲ್ಲಿ ಬೆಳಕಿನ ವಿಚಾರ ಮೊದಲು ಬರುತ್ತದೆ, ಸಣ್ಣ ಅಕ್ಷರ ಮತ್ತು ದೂರದ ಫಲಕಗಳ ವಿಚಾರ ಆಮೇಲೆ, ಬಣ್ಣದ ವಿಚಾರ ಕೊನೆಗೆ. ಹೊಸದಾಗಿ ರೋಗನಿರ್ಣಯವಾದವರೂ ಇಂಥ ಮಗುವಿನ ತಂದೆತಾಯಿಯರೂ ಇದೇ ಅನುಕ್ರಮದಲ್ಲಿ ಕೆಲಸ ಆರಂಭಿಸುವುದು ಒಳ್ಳೆಯದು.

ಕಣ್ಣಿನೊಳಗೆ ನಡೆಯುವುದು

ಕಣ್ಣಿನ ಹಿಂಭಾಗದ ಒಳಪದರವಾದ ಅಕ್ಷಿಪಟಲದಲ್ಲಿ ನೋಟಕ್ಕೆ ಬೇಕಾದ ಬೆಳಕನ್ನು ಹಿಡಿಯುವ ಕೋಶಗಳು ಎರಡು ಬಗೆಯವು. ಸುಮಾರು 60 ಲಕ್ಷದಷ್ಟಿರುವ ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ ದುಡಿದು ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಕೊಡುತ್ತವೆ. ಸುಮಾರು 10 ಕೋಟಿಯಷ್ಟಿರುವ ಕಡ್ಡಿಕೋಶಗಳು ಮಂದ ಬೆಳಕಿಗೆಂದೇ ಇರುವಂಥವು. ಅಕ್ರೋಮಟಾಪ್ಸಿಯಾ ಎಂದು ವೈದ್ಯರು ಕರೆಯುವ ಈ ಸ್ಥಿತಿಯಲ್ಲಿ ಶಂಕುಕೋಶಗಳು ಕೆಲಸವನ್ನೇ ಮಾಡುವುದಿಲ್ಲ, ಅಥವಾ ಅತ್ಯಲ್ಪ ಮಾಡುತ್ತವೆ. ಹಗಲಿನ ಹೊರೆಯನ್ನೂ ಇರುಳಿನ ಕೋಶಗಳೇ ಹೊರಬೇಕಾಗುತ್ತದೆ. ಬೆಳಕನ್ನು ಅಳೆಯುವ ಮಾನವಾದ ಲಕ್ಸ್‌ನಲ್ಲಿ ಹೇಳುವುದಾದರೆ ಬೆಳದಿಂಗಳಿನ ಪ್ರಮಾಣ ಅರ್ಧ ಲಕ್ಸ್‌ಗಿಂತಲೂ ಕಡಿಮೆ, ಚೆನ್ನಾಗಿ ದೀಪ ಹಾಕಿದ ಕೋಣೆಯದು 300ರಿಂದ 500 ಲಕ್ಸ್, ನೇರ ಬಿಸಿಲಿನದು ಸುಮಾರು 1 ಲಕ್ಷ ಲಕ್ಸ್. ಬೆಳಕು ಈ ಮಟ್ಟಕ್ಕೆ ಏರುವ ಬಹಳ ಮೊದಲೇ ಕಡ್ಡಿಕೋಶಗಳು ತುಂಬಿಹೋಗಿ, ನೋಟದ ಪ್ರತಿಯೊಂದು ಬಿಂದುವಿನಿಂದಲೂ ಒಂದೇ ಉತ್ತರವನ್ನು ಕಳಿಸತೊಡಗುತ್ತವೆ, ಮತ್ತು ಬಿಂದುಬಿಂದುವಿನ ನಡುವೆ ವ್ಯತ್ಯಾಸವಿಲ್ಲದ ಕಡೆ ಕಾಣಲು ಏನೂ ಉಳಿಯುವುದಿಲ್ಲ. ಇರುಳುಗುರುಡು ಎಂಬ ಮಾತು ಎಲ್ಲರಿಗೂ ಗೊತ್ತು. ನಮ್ಮದು ಅದರ ತಿರುವು, ಹಗಲುಗುರುಡು. ಕಣ್ಣು ಕಿರಿದು ಮಾಡುವುದೂ ಪಟಪಟನೆ ರೆಪ್ಪೆ ಬಡಿಯುವುದೂ ದುರಭ್ಯಾಸಗಳಲ್ಲ. ಕೋಶಗಳಿಗೆ ಕ್ಷಣಕಾಲ ಕತ್ತಲೆಯನ್ನು ಕೊಟ್ಟು ಮರುಕ್ಷಣದ ನೋಟವನ್ನು ಪಡೆಯಲು ಮಗು ತಾನಾಗಿಯೇ ಕಂಡುಕೊಂಡ ಉಪಾಯಗಳು. ಅದಕ್ಕಾಗಿ ಮಗುವನ್ನು ಗದರಬೇಡಿ.

ಸೂಕ್ಷ್ಮ ವಿವರಗಳನ್ನು ನೋಡಲು ಬಳಕೆಯಾಗುವ, ಅಕ್ಷಿಪಟಲದ ನಟ್ಟನಡುವಿನ ಕುಳಿಯಲ್ಲಿ ಕಡ್ಡಿಕೋಶಗಳೇ ಇಲ್ಲ. ಹೀಗಾಗಿ ದೃಷ್ಟಿತೀಕ್ಷ್ಣತೆ ಸಾಮಾನ್ಯವಾಗಿ 6/60ರ ಆಸುಪಾಸಿನಲ್ಲಿರುತ್ತದೆ: ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಓದಲು ನಾವು 6 ಮೀಟರ್ ಹತ್ತಿರಕ್ಕೆ ಹೋಗಬೇಕು. ಹುಟ್ಟಿದ ಕೆಲವೇ ವಾರಗಳಲ್ಲಿ ಕಣ್ಣಾಲಿಗಳು ಅತ್ತಿತ್ತ ಓಲಾಡಲು ತೊಡಗುತ್ತವೆ. ಈ ಓಲಾಟ ವಯಸ್ಸಾದಂತೆ ಎಷ್ಟೋ ಜನರಲ್ಲಿ ತಗ್ಗುತ್ತದೆ. ನೋಟ ವರ್ಷದಿಂದ ವರ್ಷಕ್ಕೆ ಕೆಡುತ್ತ ಹೋಗುವುದು ಸಾಮಾನ್ಯವಲ್ಲ. ಇದನ್ನು ತಂದೆತಾಯಿಯರಿಗೆ ಮೊದಲ ದಿನವೇ ಯಾರಾದರೂ ಹೇಳಬೇಕು.

ಹೆಸರು ಸರಿಯಾಗಿ ಗೊತ್ತಿರಲಿ

ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಸ್ಥಿತಿಯಾದ್ದರಿಂದ ಅನೇಕ ಕಣ್ಣಿನ ವೈದ್ಯರು ಇಂಥವರನ್ನು ಕಂಡಿರುವುದೇ ಇಲ್ಲ. ನನ್ನ ಬಾಲ್ಯದಲ್ಲಿ ವರ್ಷಗಳ ಕಾಲ ಬರೀ ಕಣ್ಣಿನ ಓಲಾಟ ಎಂದಷ್ಟೇ ಚೀಟಿಯಲ್ಲಿ ಬರೆಯಲಾಗುತ್ತಿತ್ತು. ಬಿಸಿಲಿನಲ್ಲಿ ಕಣ್ಣು ತೆರೆಯಲಾಗದಿರುವುದನ್ನು ಹಟವೆಂದು ತಿಳಿದವರೂ ಇದ್ದರು. ಮಗುವಿಗೆ ಕಣ್ಣಿನ ಓಲಾಟವೂ ಬೆಳಕಿನ ಬಾಧೆಯೂ ಒಟ್ಟಿಗೆ ಇದ್ದರೆ ಎಲೆಕ್ಟ್ರೋರೆಟಿನೋಗ್ರಾಂ ಪರೀಕ್ಷೆಯ ಬಗ್ಗೆ ನೀವೇ ಕೇಳಿ. ಬೆಳಕಿಗೆ ಅಕ್ಷಿಪಟಲ ಹೊಮ್ಮಿಸುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಆ ಪರೀಕ್ಷೆಯಲ್ಲಿ ಶಂಕುಕೋಶಗಳ ಭಾಗ ಬಹುತೇಕ ಶೂನ್ಯವಾಗಿ, ಕಡ್ಡಿಕೋಶಗಳ ಭಾಗ ಹೆಚ್ಚುಕಡಿಮೆ ಸರಿಯಾಗಿ ಕಂಡರೆ ಅನುಮಾನ ಬಹಳಮಟ್ಟಿಗೆ ಪರಿಹಾರವಾಗುತ್ತದೆ. ಆಮೇಲೆ ವಂಶವಾಹಿ ಪರೀಕ್ಷೆ. ಸಿಎನ್‌ಜಿಎ3, ಸಿಎನ್‌ಜಿಬಿ3 ಎಂಬ ಎರಡು ವಂಶವಾಹಿಗಳಲ್ಲಿನ ದೋಷಗಳೇ ಹೆಚ್ಚಿನವರಲ್ಲಿ ಕಾರಣ. ಇನ್ನು ಕೆಲವು ವಂಶವಾಹಿಗಳೂ ಇವೆ. ತಂದೆ ತಾಯಿ ಇಬ್ಬರೂ ದೋಷವನ್ನು ಹೊತ್ತಿದ್ದು ತಾವು ಚೆನ್ನಾಗಿಯೇ ನೋಡಬಲ್ಲವರಾಗಿರುತ್ತಾರೆ, ಅವರ ಪ್ರತಿಯೊಂದು ಮಗುವಿಗೂ ಈ ಸ್ಥಿತಿ ಬರುವ ಸಾಧ್ಯತೆ 100ಕ್ಕೆ 25. ಇದರಲ್ಲಿ ಯಾರ ತಪ್ಪೂ ಇಲ್ಲ.

ಹೆಸರು ಸರಿಯಿರಬೇಕೆಂದು ಒತ್ತಿ ಹೇಳಲು ಕಾರಣವಿದೆ. ನೀಲಿ ಬೆಳಕನ್ನು ಹಿಡಿಯುವ ಶಂಕುಕೋಶಗಳು ಮಾತ್ರ ಉಳಿದಿರುವ ಇನ್ನೊಂದು ಸ್ಥಿತಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಇದೇ ಲಕ್ಷಣಗಳೊಂದಿಗೆ ಕಾಣಿಸಿಕೊಳ್ಳುತ್ತದೆ. ಅವರಿಗೆ ಹೊಂದುವ ಕನ್ನಡಕದ ಬಣ್ಣವೇ ಬೇರೆ, ನೀಲಿಯನ್ನೂ ಒಂದಿಷ್ಟು ಬಿಡುವ ಕಡುಗೆಂಪು ನೇರಳೆ. ಕೆಂಪು ಮತ್ತು ಹಸಿರನ್ನು ಗುರುತಿಸಲಾಗದ ಸಾಮಾನ್ಯ ಬಣ್ಣಗುರುಡು ಇನ್ನೂ ಬೇರೆ. ಅಂಥವರಿಗಾಗಿ ಮಾರುವ ಬಣ್ಣ ತಿದ್ದುವ ಕನ್ನಡಕಗಳು ನಮಗೆ ಬಣ್ಣವನ್ನು ತೋರಿಸಲಾರವು, ಏಕೆಂದರೆ ತಿದ್ದಲು ಬೇಕಾದ ಶಂಕುಕೋಶಗಳ ಕೆಲಸವೇ ನಮ್ಮಲ್ಲಿಲ್ಲ. ಅವುಗಳ ಮೇಲೆ ಹಣ ಹಾಕಬೇಡಿ. ವಂಶವಾಹಿ ಚಿಕಿತ್ಸೆಯ ಪ್ರಯೋಗಗಳು ಮನುಷ್ಯರಲ್ಲಿ ನಡೆದಿವೆ. ಜರ್ಮನಿಯಲ್ಲಿ ಸಿಎನ್‌ಜಿಎ3 ದೋಷವಿದ್ದ 9 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಗಿ, ಸುರಕ್ಷತೆಯ ದೃಷ್ಟಿಯಿಂದ ಸಮಾಧಾನಕರವಾಗಿತ್ತು, ನೋಟದಲ್ಲಿ ಕಂಡ ಸುಧಾರಣೆ ಮಾತ್ರ ಸ್ವಲ್ಪವೇ. ಮುಂದೆ ಇಂಥ ಪ್ರಯೋಗವೊಂದರಲ್ಲಿ ಸೇರಬೇಕಾದರೆ ಯಾವ ವಂಶವಾಹಿಯ ದೋಷ ಎಂಬುದು ತಿಳಿದಿರಲೇಬೇಕಾದ್ದರಿಂದ ಆ ವರದಿಯನ್ನು ಜೋಪಾನವಾಗಿಡಿ.

ಕನ್ನಡಕವನ್ನು ಬಿಸಿಲಿನಲ್ಲಿ ನಿಂತು ಆರಿಸಿ

ಅಂಗಡಿಯ ಮಾಮೂಲು ತಂಪುಗನ್ನಡಕ ಸಾಲದು. ಬಿಸಿಲಿಗೆಂದು ಮಾಡಿದ ಮೂರನೆಯ ವರ್ಗದ ಗಾಜು ಬೆಳಕಿನ 100ಕ್ಕೆ 8ರಿಂದ 18 ಪಾಲನ್ನು ಒಳಗೆ ಬಿಡುತ್ತದೆ. ನಾಲ್ಕನೆಯ ವರ್ಗದ್ದು 3ರಿಂದ 8 ಪಾಲನ್ನು. ನಮ್ಮಲ್ಲಿ ಅನೇಕರಿಗೆ ಹೊರಗೆ ಬೇಕಾಗುವುದು ಈ ನಾಲ್ಕನೆಯ ವರ್ಗದ್ದು ಅಥವಾ ಇನ್ನೂ ದಟ್ಟವಾದದ್ದು. ಕೆಂಪು ಗಾಜಿನ ಮಾತು ಮತ್ತೆ ಮತ್ತೆ ಕೇಳಿಬರುವುದು ಏಕೆಂದರೆ, ಕಡ್ಡಿಕೋಶಗಳು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ನೀಲಿಹಸಿರು ಬೆಳಕಿಗೆ ಅತಿ ಚುರುಕಾಗಿ, 620ರ ಆಚೆಗಿನ ಕೆಂಪಿಗೆ ಬಹುತೇಕ ಕುರುಡಾಗಿ ಇರುತ್ತವೆ. ಕೆಂಪು ಗಾಜು ಕೆಂಪನ್ನಷ್ಟೇ ಒಳಗೆ ಬಿಡುವುದರಿಂದ ಎದುರಿಗಿರುವವರಿಗೆ ಅದು ತಿಳಿಯಾಗಿ ಕಂಡು ನಮ್ಮ ಕಣ್ಣುಗಳೂ ಅವರಿಗೆ ಕಾಣುತ್ತವೆ. ಕಡ್ಡಿಕೋಶಗಳ ಪಾಲಿಗೆ ಮಾತ್ರ ಅದು ದಟ್ಟ ನೆರಳು. ಮುಖ ನೋಡಿ ಮಾತನಾಡಬೇಕಾದ ಕೆಲಸದಲ್ಲಿರುವವರಿಗೆ ಇದು ಸಣ್ಣ ಅನುಕೂಲವಲ್ಲ. ಕೆಂಪು ಕಾಂಟ್ಯಾಕ್ಟ್ ಲೆನ್ಸ್‌ಗಳು ಇನ್ನೂ ಮೇಲು: ಬದಿಗಳಿಂದ ಬೆಳಕು ನುಸುಳುವುದಿಲ್ಲ, ಓಲಾಡುವ ಕಣ್ಣಿನೊಂದಿಗೆ ತಾವೂ ಚಲಿಸುತ್ತವೆ. ಆದರೆ ದಿನವೂ ಶುಚಿ ಮಾಡಿ, ಹೇಳಿದ ಹೊತ್ತಿಗೆ ತೆಗೆದಿಡುವ ಶಿಸ್ತು ಇಲ್ಲದಿದ್ದರೆ ಕಣ್ಣಿಗೆ ಸೋಂಕು ತಗಲುವ ಅಪಾಯವಿದೆ.

ಆರಿಸುವ ಕ್ರಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಪರೀಕ್ಷೆಯ ಕೋಣೆ ಮಬ್ಬಾಗಿರುತ್ತದೆ, ಅಲ್ಲಿ ಯಾವ ಗಾಜು ಹಾಕಿದರೂ ಹಿತವೆನಿಸುತ್ತದೆ. ತಜ್ಞರನ್ನು ಒಪ್ಪಿಸಿ, ಮಾದರಿ ಗಾಜುಗಳೊಂದಿಗೆ ನಡುಹಗಲಿನಲ್ಲಿ ಹೊರಗೆ ಬನ್ನಿ. ಜೊತೆಗೆ ಬಂದವರನ್ನು ಎರಡು ಮೀಟರ್ ದೂರದಲ್ಲಿ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಒಂದೊಂದೇ ಗಾಜನ್ನು ಹಾಕಿಕೊಂಡು ಎರಡು ನಿಮಿಷ ನೋಡಿ. ರೆಪ್ಪೆ ಬಡಿಯುವುದು ಯಾವ ಗಾಜಿನಲ್ಲಿ ನಿಂತಿತು, ಹುಬ್ಬಿನ ಗಂಟು ಯಾವುದರಲ್ಲಿ ಸಡಿಲವಾಯಿತು, ಕಣ್ಣು ಮೂಗು ಬಾಯಿಗಳ ಅಂಚು ಯಾವುದರಲ್ಲಿ ಮೂಡಿತು ಎಂಬುದನ್ನು ಜೊತೆಯವರೇ ಬರೆದುಕೊಳ್ಳಲಿ. ಬಳಿಕ ಅದೇ ಗಾಜಿನೊಂದಿಗೆ ಮೆಟ್ಟಿಲೊಂದನ್ನು ಇಳಿದು ನೋಡಿ, ಏಕೆಂದರೆ ಅತಿಯಾಗಿ ಕಪ್ಪಾದ ಗಾಜು ನೆರಳಿನಲ್ಲಿ ಮೆಟ್ಟಿಲನ್ನೇ ನುಂಗಿಬಿಡಬಹುದು. ಮಾತು ಬಾರದ ಮಗುವಿನ ವಿಷಯದಲ್ಲೂ ಇದೇ ಪರೀಕ್ಷೆ ಸಾಕು: ಸರಿಯಾದ ಗಾಜು ಸಿಕ್ಕ ಕ್ಷಣ ಮಗು ತಲೆ ಎತ್ತುತ್ತದೆ.

ಒಂದೇ ಕನ್ನಡಕದಿಂದ ದಿನ ಸಾಗುವುದಿಲ್ಲ. ಬಿಸಿಲಿಗೊಂದು, ಮೋಡದ ದಿನಕ್ಕೂ ದೀಪಗಳು ಉರಿಯುವ ದೊಡ್ಡ ಸಭಾಂಗಣಗಳಿಗೂ ಇನ್ನೊಂದು, ಮನೆಯೊಳಗೆ ತಿಳಿಯಾದ ಮತ್ತೊಂದು ಎಂದು ಎರಡೋ ಮೂರೋ ಇಟ್ಟುಕೊಳ್ಳುವುದು ರೂಢಿ. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜನ್ನು ಅನೇಕರು ಸೂಚಿಸುತ್ತಾರೆ, ಆದರೆ ಅದೊಂದನ್ನೇ ನೆಚ್ಚಬೇಡಿ. ಒಳಗೆ ಬಂದ ಮೇಲೆ ತಿಳಿಯಾಗಲು ಅದಕ್ಕೆ ನಿಮಿಷಗಳೇ ಬೇಕು, ವಾಹನದ ಗಾಜು ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ವಾಹನದೊಳಗೆ ಅದು ಸರಿಯಾಗಿ ಕಪ್ಪಾಗುವುದೂ ಇಲ್ಲ. ದಟ್ಟ ಗಾಜಿನ ಹಿಂದೆ ಪಾಪೆ ಅಗಲವಾಗಿ ತೆರೆದುಕೊಳ್ಳುವ ಕಾರಣ, ಆ ಗಾಜು ಅತಿನೇರಳೆ ಕಿರಣಗಳನ್ನು ಪೂರ್ತಿಯಾಗಿ ತಡೆಯುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಕಣ್ಣಿನ ಬದಿಗಳನ್ನೂ ಮೇಲ್ಭಾಗವನ್ನೂ ಮುಚ್ಚುವ ಚೌಕಟ್ಟು, ಅದರ ಮೇಲೆ ಅಗಲ ಅಂಚಿನ ಟೋಪಿ, ಇವೆರಡೂ ಗಾಜಿನಷ್ಟೇ ಮುಖ್ಯ. ಟೋಪಿಯ ಅಂಚಿನ ಅಡಿಭಾಗ ಕಪ್ಪಾಗಿರಲಿ. ತಿಳಿ ಬಣ್ಣದ್ದಾದರೆ ನೆಲದಿಂದ ಪುಟಿದ ಬೆಳಕನ್ನು ಅದು ಮತ್ತೆ ಕಣ್ಣಿಗೇ ಎಸೆಯುತ್ತದೆ.

ಹೊಸ್ತಿಲಿನ ನಿಯಮ

ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು: ಕನ್ನಡಕವನ್ನು ಹೊರಗೆ ಬಂದ ಮೇಲೆ ಹಾಕಿಕೊಳ್ಳುವುದಲ್ಲ, ಒಳಗಿದ್ದಾಗಲೇ ಹಾಕಿಕೊಳ್ಳಬೇಕು. ಒಮ್ಮೆ ಬೆಳಕಿನಲ್ಲಿ ಮುಳುಗಿದ ಕಡ್ಡಿಕೋಶಗಳು ಬೇಗ ಚೇತರಿಸಿಕೊಳ್ಳುವುದಿಲ್ಲ. ಕತ್ತಲೆಗೆ ಅವು ಪೂರ್ಣವಾಗಿ ಹೊಂದಿಕೊಳ್ಳಲು ಯಾರ ಕಣ್ಣಿನಲ್ಲಾದರೂ ಸುಮಾರು ಅರ್ಧ ಗಂಟೆ ಬೇಕು. ಕ್ಷಣಕಾಲದ ಬಿಸಿಲಿಗೆ ತೆತ್ತ ಬೆಲೆಯನ್ನು ಮುಂದಿನ ಹಲವು ನಿಮಿಷಗಳ ಉದ್ದಕ್ಕೂ ತೀರಿಸಬೇಕಾಗುತ್ತದೆ. ಹಾಗಾಗಿ ಬಾಗಿಲಿನ ಒಳಗೆ ನಿಂತು ಟೋಪಿ, ಕನ್ನಡಕ ಎರಡನ್ನೂ ಧರಿಸಿ, ನೆಲ ನೋಡುತ್ತ ಹೊರಗೆ ಹೆಜ್ಜೆಯಿಡಿ. ಒಳಗೆ ಬರುವಾಗ ಹೊಸ್ತಿಲು ದಾಟಿದ ತಕ್ಷಣ ಗೋಡೆಯ ಪಕ್ಕಕ್ಕೆ ಸರಿದು, ಕನ್ನಡಕ ಬದಲಿಸಿ, ಒಂದೆರಡು ನಿಮಿಷ ನಿಂತು ಆಮೇಲೆ ಮುಂದುವರಿಯಿರಿ. ಮಗುವಿನ ಜೊತೆಗಿರುವವರು ಈ ನಿಲುಗಡೆಯನ್ನು ಅವಸರದಲ್ಲಿ ತಪ್ಪಿಸದಿರಲಿ.

ಹೊರಗಿನ ಕೆಲಸಗಳನ್ನು ನಸುಕಿಗೂ ಮುಸ್ಸಂಜೆಗೂ ಹೊಂದಿಸಿಕೊಳ್ಳಿ. ಶಾಂತಸಾಗರದ ಮೈಕ್ರೊನೇಷಿಯಾದಲ್ಲಿ ಪಿಂಗೆಲಾಪ್ ಎಂಬ ಪುಟ್ಟ ಹವಳದ್ವೀಪವಿದೆ. ಸುಮಾರು 1775ರಲ್ಲಿ ಬೀಸಿದ ಚಂಡಮಾರುತವೊಂದರಲ್ಲಿ ಕೆಲವೇ ಜನ ಬದುಕುಳಿದು, ಅವರಲ್ಲೊಬ್ಬರು ಹೊತ್ತಿದ್ದ ದೋಷ ಮುಂದಿನ ತಲೆಮಾರುಗಳಲ್ಲಿ ಹರಡಿದ್ದರಿಂದ, ಇಂದು ಅಲ್ಲಿನವರಲ್ಲಿ 100ಕ್ಕೆ 4ರಿಂದ 10 ಜನರಿಗೆ ಈ ಸ್ಥಿತಿಯಿದೆ. ಅಲ್ಲಿ ಇಂಥವರು ಇರುಳಿನ ಮೀನುಗಾರಿಕೆಯಲ್ಲಿ ಪಳಗಿದವರೆಂದು ಹೆಸರಾಗಿದ್ದಾರೆ. ಬೆಳಕಿಗೆ ತಕ್ಕಂತೆ ಕೆಲಸದ ಹೊತ್ತನ್ನು ಆರಿಸಿಕೊಳ್ಳುವುದು ಸೋಲಲ್ಲ ಎಂದು ನಾನು ನಂಬುವುದಕ್ಕೆ ಆ ದ್ವೀಪವೂ ಒಂದು ಕಾರಣ. ಇರುಳಿನಲ್ಲಿ ತೊಂದರೆ ಕೊಡುವುದು ಎದುರಿನ ವಾಹನಗಳ ದೀಪಗಳು ಮಾತ್ರ; ಅದಕ್ಕಾಗಿ ತಿಳಿ ಕನ್ನಡಕವೊಂದು ಕಿಸೆಯಲ್ಲಿರಲಿ.

ಮನೆ, ಪರದೆ, ತರಗತಿ

ಕಿಟಕಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಬಲ್ಬು ನೇರವಾಗಿ ಕಣ್ಣಿಗೆ ಬೀಳದಂತೆ ಮರೆ ಮಾಡಿ, ದೀಪವನ್ನು ಹೆಚ್ಚುಕಡಿಮೆ ಮಾಡಬಲ್ಲ ಸ್ವಿಚ್ ಹಾಕಿಸಿ, ಮೇಜಿನ ಮೇಲ್ಮೈ ಹೊಳಪಿಲ್ಲದ್ದಾಗಿರಲಿ. ಆದರೆ ಮನೆಯನ್ನು ಕತ್ತಲೆ ಮಾಡಬೇಡಿ. ಓದಲು ನಮಗೂ ತಕ್ಕಷ್ಟು ಬೆಳಕು ಬೇಕು, ಆ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಮೆಟ್ಟಿಲಿನ ಅಂಚಿಗೆ ಪಟ್ಟಿ ಹಚ್ಚುವುದಾದರೆ ಕಪ್ಪು ನೆಲಕ್ಕೆ ಬಿಳಿ, ಬಿಳಿ ನೆಲಕ್ಕೆ ಕಪ್ಪು.

ಮೊಬೈಲ್ ಮತ್ತು ಕಂಪ್ಯೂಟರ್ ಪರದೆಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ತಿಳಿ ಅಕ್ಷರ, ತಗ್ಗಿಸಿದ ಪ್ರಖರತೆ, ಹಿಗ್ಗಿಸುವ ಸೌಲಭ್ಯ ಇವು ಮೂರನ್ನೂ ಮೊದಲ ದಿನವೇ ಹೊಂದಿಸಿ. ಇದಕ್ಕೆ ಬೇಕಾದ ಆಯ್ಕೆಗಳು ಈಗಿನ ಎಲ್ಲ ಪ್ರಮುಖ ಸಾಧನಗಳಲ್ಲೂ ಇವೆ. ಕಣ್ಣು ದಣಿದ ಹೊತ್ತಿಗೆ ಪಠ್ಯವನ್ನು ಓದಿ ಹೇಳುವ ಸೌಲಭ್ಯವನ್ನು ಬಳಸಲು ಸಂಕೋಚ ಬೇಡ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುವುದರಿಂದ ಕಣ್ಣು ಕೆಡುವುದಿಲ್ಲ. ಹತ್ತಿರದ್ದು ಮಸುಕಾಗಿ ಕಾಣುವ ದೂರದೃಷ್ಟಿ ದೋಷ ನಮ್ಮಲ್ಲಿ ಹೆಚ್ಚು. ಅದಕ್ಕೆ ತಕ್ಕ ಪವರ್ ಇರುವ ಕನ್ನಡಕ ಕೊಟ್ಟರೆ ಹತ್ತಿರದ ಓದು ಹಗುರಾಗುತ್ತದೆ. ದೂರದ ಫಲಕಕ್ಕೆ ನಾಲ್ಕರಿಂದ ಎಂಟು ಪಟ್ಟು ಹಿಗ್ಗಿಸುವ ಒಂಟಿಗಣ್ಣಿನ ದುರ್ಬೀನು ಒಳ್ಳೆಯದು. ಫೋಟೊ ತೆಗೆದು ಹಿಗ್ಗಿಸಿ ನೋಡುವುದೂ ಈಗ ಅಷ್ಟೇ ಸುಲಭ.

ತರಗತಿಯಲ್ಲಿ ಮಗು ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ, ಕಿಟಕಿಗೆ ಬೆನ್ನು ಹಾಕಿ ಕೂರಲಿ. ಬಿಳಿ ಬೋರ್ಡು ಕೋರೈಸುತ್ತದೆ, ಕಪ್ಪು ಹಲಗೆ ಹಿತ. ಕೆಂಪು ಲೇಸರ್ ಚುಕ್ಕಿಯಿಂದ ತೋರಿಸುವ ಪಾಠ ಮಗುವಿಗೆ ಕಾಣದೆ ಹೋಗಬಹುದು ಎಂಬುದನ್ನು ಶಿಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಿ. ಮಗು ತಲೆಯನ್ನು ಒಂದು ಬದಿಗೆ ಓರೆ ಮಾಡಿ ನೋಡುತ್ತಿದ್ದರೆ ನೆಟ್ಟಗೆ ಕೂರಿಸಲು ಹೋಗಬೇಡಿ, ಏಕೆಂದರೆ ಕಣ್ಣಿನ ಓಲಾಟ ಅತಿ ಕಡಿಮೆಯಾಗುವ ಕೋನವನ್ನು ಅದು ಹುಡುಕಿಕೊಂಡಿರುತ್ತದೆ. ಹೊರಾಂಗಣದ ಆಟವನ್ನು ಬೆಳಗಿನ ಮೊದಲ ಅವಧಿಗೆ ಕೇಳಿಕೊಳ್ಳಿ. ನಾರ್ವೆಯ ಕ್ನುಟ್ ನೂರ್ಬಿ ಇದೇ ಸ್ಥಿತಿಯೊಂದಿಗೆ ಹುಟ್ಟಿ, ದೃಷ್ಟಿಯನ್ನೇ ಅಧ್ಯಯನ ಮಾಡುವ ವಿಜ್ಞಾನಿಯಾಗಿ, ತನ್ನ ಕಣ್ಣುಗಳನ್ನೇ ಪರೀಕ್ಷೆಗೊಡ್ಡಿ ಬರೆದವರು. ಶಿಕ್ಷಕರು ಅನುಮಾನಿಸಿದಾಗ ನಾನು ಅವರ ಹೆಸರನ್ನು ಹೇಳುತ್ತೇನೆ.

ರಸ್ತೆಯಲ್ಲಿ

ಕೆಂಪು ದೀಪ ನಮಗೆ ಬಹಳ ಮಂಕು, ಬಿಸಿಲಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದೇ ತಿಳಿಯದು. ಸಿಗ್ನಲ್‌ನ ಮೂರು ದೀಪಗಳ ಸ್ಥಾನವನ್ನು ನೆನಪಿಟ್ಟುಕೊಳ್ಳಬಹುದಾದರೂ ದಾಟುವ ನಿರ್ಧಾರವನ್ನು ಅದೊಂದರ ಮೇಲೆ ಬಿಡಬೇಡಿ. ವಾಹನಗಳ ಸದ್ದು, ಪಕ್ಕದಲ್ಲಿ ನಿಂತವರ ಚಲನೆ, ಧ್ವನಿ ಸಂಕೇತವಿರುವ ದಾಟುದಾರಿ ಇವುಗಳನ್ನು ಸೇರಿಸಿ ನಿರ್ಧರಿಸಿ. ಕಟುಬಿಸಿಲಿನಲ್ಲಿ ಬಿಳಿ ಕೋಲನ್ನು ಹಿಡಿಯಲು ಅನೇಕರು ಹಿಂಜರಿಯುತ್ತಾರೆ, ಒಳಗೆ ಪುಸ್ತಕ ಓದಬಲ್ಲವರು ಹೊರಗೆ ಕೋಲು ಹಿಡಿದರೆ ನಟನೆ ಎಂದಾರೆಂಬ ಅಳುಕು ಅವರದು. ಆ ಹೊತ್ತಿನಲ್ಲಿ ಕಾಣುವುದಿಲ್ಲ ಎಂಬುದು ನಿಜವಾದ್ದರಿಂದ ಅಳುಕಬೇಕಿಲ್ಲ, ಮತ್ತು ಚಾಲಕರು ಎಚ್ಚರಗೊಳ್ಳುವುದು ಆ ಕೋಲಿನಿಂದಲೇ. ವಾಹನ ಚಾಲನೆಗೆ ಬಹುತೇಕ ದೇಶಗಳು ಕೇಳುವ ದೃಷ್ಟಿಮಟ್ಟ 6/60ಕ್ಕಿಂತ ಬಹಳ ಮೇಲಿನದು. ವಾಸಸ್ಥಳವನ್ನೂ ಉದ್ಯೋಗವನ್ನೂ ಆರಿಸುವಾಗ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಗೆ ಬಣ್ಣ

ಎಲ್ಲವೂ ಬರಿಯ ಬೂದು ಎಂದು ಹೊರಗಿನವರು ಭಾವಿಸುವಷ್ಟು ನಮ್ಮ ಜಗತ್ತು ಬಡವಾಗಿಲ್ಲ. ನೆರಳಿನ ಮಟ್ಟಗಳು, ಮೇಲ್ಮೈಯ ನಯ ಒರಟು, ನೂಲಿನ ನೇಯ್ಗೆ ನಮಗೆ ಎದ್ದು ಕಾಣುತ್ತವೆ. ಆದರೆ ಕೆಂಪು ಕಪ್ಪಿನಂತೆಯೂ ನೀಲಿ ತಿಳಿಯಾಗಿಯೂ ಕಾಣುವುದರಿಂದ ಕೆಲವು ಅಪಾಯಗಳನ್ನು ಬಾಯಿಪಾಠದಂತೆ ತಿಳಿದಿರಬೇಕು. ಯಂತ್ರಗಳ ಮೇಲಿನ ಕೆಂಪು ಸೂಚಕ ದೀಪ ಉರಿಯುತ್ತಿದ್ದರೂ ಆರಿದಂತೆ ತೋರಬಹುದು. ಬಿಸಿಯಾಗುವ ಉಪಕರಣಗಳನ್ನು ಕೊಳ್ಳುವಾಗ ಸದ್ದು ಮಾಡುವ ಸೂಚನೆ ಇರುವುದನ್ನೇ ಆರಿಸಿ. ಚರ್ಮ ಕೆಂಪಾದದ್ದು ಕಾಣುವುದಿಲ್ಲ. ಮಗುವಿನ ಮೈಮೇಲಿನ ಗುಳ್ಳೆಯನ್ನೂ ಬಿಸಿಲಿಗೆ ಸುಟ್ಟದ್ದನ್ನೂ ಕೈಯಿಂದ ಮುಟ್ಟಿ, ಇಲ್ಲವೇ ಇನ್ನೊಬ್ಬರನ್ನು ಕೇಳಿ ತಿಳಿಯಿರಿ. ಮಾತ್ರೆಗಳನ್ನು ಬಣ್ಣದ ಗುರುತಿನಿಂದ ಯಾರಾದರೂ ವಿವರಿಸಿದರೆ ಅಲ್ಲಿಯೇ ತಡೆದು, ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಳ್ಳಿ. ಬಟ್ಟೆಗಳ ಒಳಮಗ್ಗುಲಿಗೆ ಬಣ್ಣದ ಹೆಸರಿನ ಪಟ್ಟಿ ಹೊಲಿಸಿ, ಮಕ್ಕಳ ಬಣ್ಣದ ಪೆನ್ಸಿಲುಗಳ ಮೇಲೂ ಹೆಸರು ಬರೆಯಿರಿ. ಬಣ್ಣವನ್ನು ಗುರುತಿಸಿ ಉಚ್ಚರಿಸುವ ಮೊಬೈಲ್ ಆಪ್‌ಗಳಿವೆ, ಬೆಳಕು ಬದಲಾದಂತೆ ಅವುಗಳ ಉತ್ತರವೂ ಬದಲಾಗುತ್ತದೆ.

ಕೆಂಪು ಕನ್ನಡಕದಿಂದ ಆಗುವ ಇನ್ನೊಂದು ಉಪಯೋಗವನ್ನು ಬಹಳ ಜನ ಗಮನಿಸುವುದಿಲ್ಲ. ಎರಡು ಬಟ್ಟೆಗಳು ಒಂದೇ ಬೂದಾಗಿ ಕಂಡಾಗ ಅವನ್ನು ಅಕ್ಕಪಕ್ಕ ಹರಡಿ, ಮೊದಲು ಗಾಜಿಲ್ಲದೆ, ಬಳಿಕ ಕೆಂಪು ಗಾಜಿನ ಮೂಲಕ ನೋಡಿ. ಗಾಜು ಬಂದೊಡನೆ ಯಾವುದು ಪಕ್ಕದ್ದಕ್ಕಿಂತ ಬೆಳ್ಳಗಾಯಿತೋ ಅದು ಕೆಂಪು ಅಥವಾ ಕಿತ್ತಳೆಯ ಕಡೆಯದು, ಯಾವುದು ಕಪ್ಪಿಟ್ಟಿತೋ ಅದು ಹಸಿರು ಅಥವಾ ನೀಲಿಯ ಕಡೆಯದು. ಬಟ್ಟೆ, ನಕ್ಷೆ, ಹಣ್ಣುಗಳಿಗೆ ಈ ಉಪಾಯ ಸಾಕಾಗುತ್ತದೆ. ವಿದ್ಯುತ್ ತಂತಿಗಳಿಗೂ ಔಷಧಿಗಳಿಗೂ ಮಾತ್ರ ಇದನ್ನು ಬಳಸಬೇಡಿ, ಅಲ್ಲಿ ಬಣ್ಣ ಕಾಣುವ ಇನ್ನೊಬ್ಬರನ್ನು ಕರೆಯಿರಿ.